ಬಾಲವಿಲ್ಲದ ಕಾದಂಬರಿ

ಎಲ್ಲ ರಗಳೆಗೂ ಮೂಲ ಒಂದು ಗಂಟು. ನೀಲಿ ಕಾಗದದ ಪೊಟ್ಟಣದ ಮೇಲೆ ಬಿಳಿ ದಾರದಲ್ಲಿ ಹಾಕಿದ್ದ, ಬಟಾಣಿ ಕಾಳಿನಷ್ಟು ಗಾತ್ರದ ಗಂಟು.

ಆ ಬಡಾವಣೆಯ ಗ್ರಂಥಾಲಯದಲ್ಲಿ ಓದುಗರ ಬಳಗವೊಂದಿತ್ತು. ಅವರದೊಂದು ವಿಚಿತ್ರ ಪದ್ಧತಿ. ಹೊಸ ಪತ್ತೇದಾರಿ ಕಾದಂಬರಿ ಬಂದ ಕೂಡಲೇ ಅದರ ಕೊನೆಯ ಅಧ್ಯಾಯವನ್ನು ಬಿಡಿಸಿ ಪೊಟ್ಟಣ ಕಟ್ಟಿ ಎತ್ತಿಡುತ್ತಿದ್ದರು. ಬಾಲವಿಲ್ಲದ ಪುಸ್ತಕ ಮನೆಯಿಂದ ಮನೆಗೆ ಸುತ್ತುತ್ತಿತ್ತು. ಭಾನುವಾರ ಎಲ್ಲರೂ ಸೇರಿ ಅಭಿಪ್ರಾಯ ಹೇಳಿ, ಕೊಲೆಗಾರ ಯಾರೆಂದು ಊಹಿಸಿದ ಮೇಲೆಯೇ ಪೊಟ್ಟಣ ಒಡೆದು ಬಾಲ ಓದುವುದು. ಈ ಬಿಡಿಸುವ, ಮತ್ತೆ ಹೊಲಿದು ಅಂಟಿಸುವ ಕೆಲಸವನ್ನು ಮನೆಯಲ್ಲೇ ಕೂತು ಮಾಡಿಕೊಡುತ್ತಿದ್ದವಳು, ಭಾನುವಾರದವರೆಗೆ ಪೊಟ್ಟಣವನ್ನು ಇಟ್ಟುಕೊಳ್ಳುತ್ತಿದ್ದವಳು ನೀರಿನ ಕಚೇರಿಯ ಗುಮಾಸ್ತನ ಹೆಂಡತಿ.

ಆ ಗುಮಾಸ್ತನಿಗೆ ಬಳಗದಲ್ಲಿ 'ಪತ್ತೇದಾರ' ಎಂದೇ ಹೆಸರು. ಅವನ ಊಹೆ ಇದುವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪುವುದಾದರೂ ಹೇಗೆ? ಹೆಂಡತಿ ಬಟ್ಟೆ ಒಣಗಿಸಲು ಮಹಡಿಗೆ ಹೋದಾಗಲೆಲ್ಲ ಅವನು ಪೊಟ್ಟಣ ಬಿಚ್ಚಿ, ಬಾಲ ಓದಿ, ಮತ್ತೆ ಕಟ್ಟಿಡುತ್ತಿದ್ದ. ಬಾಲ ಸಿಕ್ಕ ಮೇಲೆ ತಲೆ, ಹೊಟ್ಟೆ ಯಾರಿಗೆ ಬೇಕು? ಇತ್ತೀಚೆಗಂತೂ ಅವನು ಮೊದಲ ಅಧ್ಯಾಯದಾಚೆ ಹೋಗುವುದನ್ನೇ ಬಿಟ್ಟಿದ್ದ.

ಆ ಭಾನುವಾರ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅತ್ತೆ! ಕೈಯಲ್ಲಿ ಚೀಲ, ಮುಖದಲ್ಲಿ ಮದುವೆಯ ದಿನದಿಂದಲೂ ಇಳಿಯದ ಸಂಶಯ. ಮಗಳಿಗೆ ಇನ್ನೂ ಒಳ್ಳೆಯ ಗಂಡ ಸಿಗಬಹುದಿತ್ತು ಎಂದು ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಅಳಿಯನನ್ನು ನೋಡಿದಾಗಲೆಲ್ಲ, ಅಂಗಡಿಯಿಂದ ಮನೆಗೆ ತಂದ ಮೇಲೆ ಬಣ್ಣ ಬೇರೆ ಕಂಡ ಬಟ್ಟೆಯನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಅಳಿಯಂದಿರು ಸಭೇಲಿ ಮಾತಾಡ್ತಾರಂತೆ, ಜನ ಚಪ್ಪಾಳೆ ತಟ್ತಾರಂತೆ. ಕಣ್ಣಾರೆ ನೋಡೋಣ ಅಂತ ಬಂದೆ," ಎಂದಳು ಅತ್ತೆ. 'ಅಂತೆ' ಎಂಬಲ್ಲೆಲ್ಲ ಸ್ವಲ್ಪ ಒತ್ತಿದಳು.

ಅಡುಗೆಮನೆಯಲ್ಲಿದ್ದ ಹೆಂಡತಿಯ ಕೈಯಿಂದ ಚಮಚ ಜಾರಿತು. ಗಂಡನನ್ನು ಮೂಲೆಗೆ ಕರೆದು ಪಿಸುಗುಟ್ಟಿದಳು: "ರೀ, ಇವತ್ತು ನೀವು ಮಾತಾಡ್ಲೇಬೇಕಾ? ಗಂಟಲು ಕಟ್ಟಿದೆ ಅಂತ ಹೇಳಿ."

"ನಿಮ್ಮಮ್ಮ ಬಂದಿರೋ ದಿನಾನೇ ಗಂಟಲು ಕಟ್ಟಬೇಕಾ? ಇವತ್ತು ಗೊತ್ತಾಗ್ಲಿ ಅವರಿಗೆ, ನಂದು ಎಂಥ ತಲೆ ಅಂತ."

"ಆ ಪುಸ್ತಕ ಸರಿಯಾಗಿ ಓದಿದ್ದೀರಾ?"

"ಓದೋದೇನು, ಅರೆದು ಕುಡಿದಿದ್ದೀನಿ!"

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಒಳಗೆ ಬಂದಳು. ಮಾತು ಅಲ್ಲೇ ಉಳಿಯಿತು.

ಗ್ರಂಥಾಲಯದ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ದಂತವೈದ್ಯರು ಕೂತಿದ್ದರು. ಪ್ರತಿ ವಾರವೂ ಪತ್ತೇದಾರನೆದುರು ಸೋತು, ಆ ಸಿಟ್ಟನ್ನು ಸೋಮವಾರದ ರೋಗಿಗಳ ಮೇಲೆ ತೀರಿಸಿಕೊಳ್ಳುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ, ಯಾರೂ ಮೊದಲು ಕಂಡಿರದ ಹೆಂಗಸೊಬ್ಬಳು ಉಣ್ಣೆಯ ಟೋಪಿ ಹೆಣೆಯುತ್ತಿದ್ದಳು. ಅತ್ತೆ ನಡುವಿನ ಸಾಲಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತೀರ್ಪು ಕೊಡುವವಳಂತೆ ಕೂತಳು.

ಪತ್ತೇದಾರ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಮೊದಲು ಸಾಮಾನ್ಯ ಅಭಿಪ್ರಾಯಗಳು.

"ಈಗಿನ ರೋಚಕ ಕಾದಂಬರಿಗಳ ದೊಡ್ಡ ದೋಷ ಏನು ಗೊತ್ತಾ? ನಾಯಕ ಊಟಾನೇ ಮಾಡಲ್ಲ. ಮುನ್ನೂರು ಪುಟ ಓಡ್ತಾನೆ, ಒಂದು ತುತ್ತು ಇಲ್ಲ. ವಿಜ್ಞಾನ ಕಾದಂಬರಿಗಳಲ್ಲೋ, ಯಾವ ಗ್ರಹಕ್ಕೆ ಹೋದ್ರೂ ಬೇಕಾದ ಹೊತ್ತಿಗೆ ತೆರೆಯದ ಬಾಗಿಲೊಂದು ಇದ್ದೇ ಇರುತ್ತೆ. ಅಷ್ಟು ದೂರ ಹಾರೋ ಜನಕ್ಕೆ ಒಬ್ಬ ಒಳ್ಳೇ ಬಡಗಿ ಸಿಗಲ್ವಾ?"

ಸಭೆ ನಕ್ಕಿತು. ಅತ್ತೆಯ ತುಟಿಯೂ ಒಂದು ಎಳೆಯಷ್ಟು ಅಲುಗಿತು. ಅದನ್ನು ಕಂಡು ಪತ್ತೇದಾರನ ಎದೆ ಊದಿಸಿದ ಬಲೂನಿನಂತಾಯಿತು.

"ಈಗ ಈ ವಾರದ ಕಾದಂಬರಿ. ಬೆಟ್ಟದ ಮೇಲಿನ ವಸತಿಗೃಹದಲ್ಲಿ ಕೊಲೆ. ಮಾಡಿದ್ದು ಯಾರು?" ಬೆರಳೆತ್ತಿ ಹೇಳಿದ: "ಅಡುಗೆಯವನು!"

ಹಿಂದಿನ ಸಾಲಿನಲ್ಲಿ ಹೆಣಿಕೆಯ ಕಡ್ಡಿಗಳು ನಿಂತವು.

ದಂತವೈದ್ಯರು ನಿಧಾನವಾಗಿ ಎದ್ದರು. ಹುಳುಕು ಹಲ್ಲು ಸಿಕ್ಕಿದಾಗಿನ ಸಂತೋಷ ಅವರ ಮುಖದಲ್ಲಿತ್ತು. "ಪತ್ತೇದಾರರೇ, ಈ ಕಾದಂಬರೀಲಿ ಅಡುಗೆಯವನೇ ಇಲ್ಲವಲ್ಲ?"

ಬಾಲದಲ್ಲಿ ಪತ್ತೇದಾರ ತನ್ನ ಕಣ್ಣಾರೆ ಓದಿದ್ದ: "ಅಡುಗೆಯವನೇ ಕೊಂದಿದ್ದು!" ಮತ್ತೆ ಕಿಟಕಿಯಾಚೆ ಎರಡು ಚಂದ್ರ ಮೂಡಿದ್ದನ್ನೂ ಓದಿದ್ದ. ಅದ್ಯಾಕೋ ಆಗಲೇ ಸ್ವಲ್ಪ ಕಿರಿಕಿರಿಯಾಗಿತ್ತು. ನಡುವಿನ ಸಾಲಿನಲ್ಲಿ ಹೆಂಡತಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಅತ್ತೆಯ ಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು.

ಆ ಹುಬ್ಬೇ ಅವನ ನಾಲಿಗೆಗೆ ಜೀವ ಕೊಟ್ಟಿತು.

"ಅದೇ ಅಲ್ವಾ ಡಾಕ್ಟ್ರೇ ಲೇಖಕರ ಚಮತ್ಕಾರ! ವಸತಿಗೃಹದಲ್ಲಿ ಜನ ಉಪವಾಸ ಇದ್ರಾ?"

"ಇಲ್ಲ... ಮೂರನೇ ಅಧ್ಯಾಯದಲ್ಲಿ ಸೂಪ್ ಕುಡೀತಾರೆ."

"ಆ ಸೂಪು ತಾನಾಗೇ ಕುದೀತಾ?"



"ಹೌದಲ್ವಾ!" ಎಂದಿತು ಸಭೆಯ ಮೂಲೆಯಿಂದೊಂದು ದನಿ. "ಐದನೇ ಅಧ್ಯಾಯದಲ್ಲಿ ಬಿಸಿ ಬ್ರೆಡ್ಡೂ ಬರುತ್ತೆ!"

"ಬಂತಲ್ಲ! ತಂದವರು ಯಾರು? ಯಾರೂ ಕೇಳಲಿಲ್ಲ. ಮನೇಲೂ ಹಾಗೇನೇ. ತಟ್ಟೆ ಮುಂದೆ ಬಂದರೆ ಉಣ್ತೀವಿ, ಬೇಯಿಸಿದೋರು ನಮ್ಮ ಕಣ್ಣಿಗೆ ಬೀಳಲ್ಲ. ಲೇಖಕರು ನಮ್ಮ ಆ ಕುರುಡುತನದ ಹಿಂದೇನೇ ಕೊಲೆಗಾರನ್ನ ಬಚ್ಚಿಟ್ಟಿದ್ದಾರೆ!"

ಅತ್ತೆ ಚೀಲ ಕೆಳಗಿಟ್ಟಳು. "ಅದೇನೋ ನಿಜ ಕಣೇ," ಎಂದು ಮಗಳ ಕಡೆ ವಾಲಿದಳು. "ನಾನು ಜೀವಮಾನವೆಲ್ಲ ಬೇಯಿಸಿದ್ದೀನಿ. ಒಬ್ಬರಾದ್ರೂ ಹೀಗೆ ಹೇಳಿದ್ರಾ?"

ಗ್ರಂಥಪಾಲಕರು ನೀಲಿ ಪೊಟ್ಟಣ ಒಡೆದರು. ಅವರು ಓದಿದರು: "'ಅಡುಗೆಯವನೇ ಕೊಂದಿದ್ದು!' ಎಂದಳು ಕ್ಯಾಪ್ಟನ್. ಕಿಟಕಿಯಾಚೆ ಎರಡು ಚಂದ್ರ ಮೂಡಿದವು."

ಕೋಣೆ ಚಪ್ಪಾಳೆಯಿಂದ ಅದುರಿತು. "ಕ್ಯಾಪ್ಟನ್ ಯಾರು?" ಎಂದು ದಂತವೈದ್ಯರು ಕೂಗುತ್ತಿದ್ದರೂ ಕೇಳುವವರಿರಲಿಲ್ಲ. "ಎರಡು ಚಂದ್ರ ಹೇಗೆ ಬಂತು?" ಎಂದು ಕೂಗಿದಾಗ, "ಒಂದು ಆಕಾಶದಲ್ಲಿ, ಒಂದು ಕೆರೆಯಲ್ಲಿ!" ಎಂದು ಜನರೇ ಪತ್ತೇದಾರನ ಪರವಾಗಿ ಉತ್ತರ ಕೊಟ್ಟರು. ಅತ್ತೆ ಎದ್ದು ನಿಂತು, "ನಮ್ಮ ಅಳಿಯ! ನಮ್ಮ ಅಳಿಯ!" ಎಂದು ಅಕ್ಕಪಕ್ಕದವರಿಗೆಲ್ಲ ತೋರಿಸಿದಳು. ಹೆಂಡತಿ ಮಾತ್ರ ತನ್ನ ಕೈಚೀಲವನ್ನು ಎದೆಗವುಚಿಕೊಂಡು, ನಗಲೋ ಅಳಲೋ ತಿಳಿಯದೆ ಕೂತಿದ್ದಳು.

ಆಗ ಗ್ರಂಥಪಾಲಕರು ಕೈಯೆತ್ತಿದರು. "ಇನ್ನೊಂದು ಸಂತೋಷದ ವಿಷಯ. ಈ ಕಾದಂಬರಿ ಬರೆದವರು ಇವತ್ತು ಇಲ್ಲೇ ಇದ್ದಾರೆ. ಮೊದಲೇ ಹೇಳಬೇಡಿ ಅಂದಿದ್ರು."

ಉಣ್ಣೆಯ ಟೋಪಿಯನ್ನು ಚೀಲಕ್ಕೆ ಹಾಕಿಕೊಂಡು, ಹಿಂದಿನ ಸಾಲಿನ ಹೆಂಗಸು ಎದ್ದು ಬಂದಳು.

ಪತ್ತೇದಾರ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

ಲೇಖಕಿ ಸಭೆಯನ್ನು ನೋಡಿ ಮುಗುಳ್ನಕ್ಕಳು. "ನಿಜ ಹೇಳ್ತೀನಿ. ನನ್ನ ಪುಸ್ತಕದಲ್ಲಿ ಅಡುಗೆಯವನಿದ್ದಾನೆ ಅಂತ ನನಗೇ ಗೊತ್ತಿರಲಿಲ್ಲ." ಎಂಥ ವಿನಯ ಎಂದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಆ ಸದ್ದಿನ ಮರೆಯಲ್ಲಿ ಅವಳು ಪತ್ತೇದಾರನ ಕಿವಿಯ ಬಳಿ ಬಾಗಿದಳು.

"ನಾನು ಪತ್ತೇದಾರಿ ಬರೆಯೋಳು. ಪೊಟ್ಟಣ ಯಾರ ಮನೇಲಿರುತ್ತೆ ಅಂತ ಒಬ್ಬರನ್ನ ಕೇಳಿದೆ, ಅಷ್ಟೇ ಸಾಕಾಯ್ತು. ಆದ್ರೆ ಇಲ್ಲದವನನ್ನ ಇದ್ದಾನೆ ಅಂತ ಇಷ್ಟು ಜನಕ್ಕೆ ನಂಬಿಸಿದ್ರಲ್ಲ, ಅದು ಕದ್ದು ಓದಿದ್ದರಿಂದ ಬರೋ ವಿದ್ಯೆ ಅಲ್ಲ."

ಮತ್ತೆ ಸಭೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ನನ್ನ ಮುಂದಿನ ಕಾದಂಬರಿ ಮುಕ್ಕಾಲು ಮುಗಿದು ನಿಂತಿದೆ. ಕೊನೆಗೆ ಕೊಲೆಗಾರ ಯಾರು ಅಂತ ನನಗೇ ಹೊಳೀತಿಲ್ಲ. ಮುಂದಿನ ಭಾನುವಾರ ಈ ಪತ್ತೇದಾರರು ಪೂರ್ತಿ ಓದಿ, ನಿಮ್ಮೆಲ್ಲರ ಮುಂದೆ ಹೇಳ್ತಾರೆ!" ಎಂದು, ಸಣ್ಣ ದಿಂಬಿನಷ್ಟು ದಪ್ಪದ ಹಸ್ತಪ್ರತಿಯ ಕಟ್ಟೊಂದನ್ನು ಅವನ ಕೈಗಿಟ್ಟಳು.

ಮನೆಯ ದಾರಿಯಲ್ಲಿ ಅತ್ತೆ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಅಳಿಯನ ಪ್ರತಾಪ ವರ್ಣಿಸುತ್ತ ಮುಂದೆ ಹೋದಳು. ಹಿಂದೆ ಉಳಿದ ಹೆಂಡತಿ ಕೈಚೀಲದಿಂದ ಮಡಚಿದ ಹಾಳೆಗಳನ್ನು ತೆಗೆದಳು.

"ಇದು ಈ ಕಾದಂಬರಿಯ ನಿಜವಾದ ಬಾಲ. ಕೊಂದದ್ದು ವಸತಿಗೃಹದ ಯಜಮಾನಿ. ಪೊಟ್ಟಣದಲ್ಲಿ ನಾನಿಟ್ಟಿದ್ದು, ಹೊಲಿಗೆ ಬಿಟ್ಟು ನನ್ನ ಹತ್ತಿರ ಬಂದಿದ್ದ ಒಂದು ವಿಜ್ಞಾನ ಕಾದಂಬರಿಯ ಬಾಲ. ಅದ್ರಲ್ಲಿ ಅಡುಗೆ ಮಾಡೋದು ಯಂತ್ರಮಾನವ."

ಅವನ ಹೆಜ್ಜೆ ನಿಂತಿತು. "ನಿನಗೆ... ಹೇಗೆ ಗೊತ್ತಾಯ್ತು?"

"ನಾನು ಹಾಕೋದು ಪುಸ್ತಕ ಹೊಲಿಯೋರ ಬೈಂಡರ್ ಗಂಟು ರೀ. ಪ್ರತಿ ಭಾನುವಾರ ಪೊಟ್ಟಣ ಎತ್ತಿಕೊಂಡ್ರೆ ಶೂ ಲೇಸಿನ ಗಂಟು ಇರ್ತಿತ್ತು. ಒಂದ್ಸಲ ಬುದ್ಧಿ ಬರ್ಲಿ ಅಂತ ಇಟ್ಟೆ. ಅಮ್ಮ ಬರ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?" ಎಂದವಳು, ಅವನ ಬಾಡಿದ ಮುಖ ನೋಡಿ ಅಂಗಿಯ ಕಾಲರ್ ಸರಿಮಾಡಿದಳು. "ಆದ್ರೂ ಆ ಬೇಯಿಸೋರ ಮಾತು ಚೆನ್ನಾಗಿ ಹೇಳಿದ್ರಿ. ನನಗೂ ಹೆಮ್ಮೆ ಆಯ್ತು."

ಮನೆಗೆ ಬಂದಾಗ ಅತ್ತೆ ಕಿಟಕಿಯ ಬಳಿ ಕುರ್ಚಿ ಹಾಕಿ, ದೀಪ ಸರಿಪಡಿಸಿ ಕಾಯುತ್ತಿದ್ದಳು. "ಕೂತ್ಕೊಳ್ಳಿ ಅಳಿಯಂದಿರೇ. ಕಸ ಗುಡಿಸೋದೂ ಬೇಡ, ತರಕಾರಿ ತರೋದೂ ಬೇಡ. ಓದಿ."

ಪತ್ತೇದಾರ ಕೂತ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಕೈ ತನ್ನ ಅಭ್ಯಾಸದಂತೆ ಕಟ್ಟನ್ನು ಮಗುಚಿ ಕೊನೆಯ ಹಾಳೆ ತೆರೆಯಿತು.

ಕೊನೆಯ ಹಾಳೆ ಖಾಲಿ. ಅದರ ಹಿಂದಿನದೂ ಖಾಲಿ.

"ಎಷ್ಟು ದಿನ ಆದ್ರೂ ಪರವಾಗಿಲ್ಲ," ಒಳಗಿನಿಂದ ಅತ್ತೆಯ ಹೆಮ್ಮೆ ತುಂಬಿದ ದನಿ ಬಂತು. "ಕೊಲೆಗಾರ ಸಿಕ್ಕೋವರೆಗೂ ನಾನು ಇಲ್ಲೇ ಇರ್ತೀನಿ."