ಸೂಪು ಮಾಡಿದವರು ಯಾರು?

ಆ ಕನ್ನಡಕದಂಗಡಿಯವನು ಥಾಯ್ ಸೂಪು ಕುದಿಸಲು ನಿಂತರೆ, ಆಕಾಶದಲ್ಲಿ ಹೋಗುವ ವಿಮಾನಗಳು ಘಮಕ್ಕೆ ದಾರಿ ತಪ್ಪಿ ಅವನ ಅಡುಗೆಮನೆಯ ಕಿಟಕಿ ಮುಂದೆ ಸಾಲುಗಟ್ಟುತ್ತಿದ್ದವು. ಹಾಗಂತ ಅವನೇ ಹೇಳಿದ್ದು. ಅದೂ ಜನ್ಮದಲ್ಲಿ ಒಮ್ಮೆಯೂ ಸೂಪು ಕುದಿಸದೆ.

ವಾರದಿಂದ ಜ್ವರ, ನೆಗಡಿ ಎಂದು ಮಲಗಿದ್ದ ಹೆಂಡತಿ ಏನನ್ನೂ ಬಾಯಿಗಿಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೋಟೆಲೊಂದರಲ್ಲಿ ಇಬ್ಬರೂ ಹಂಚಿಕೊಂಡು ಕುಡಿದಿದ್ದ ತೆಂಗಿನ ಹಾಲಿನ ಥಾಯ್ ಕೋಳಿ ಸೂಪಾದರೆ ಕುಡಿದೇನು ಎಂದಳು.

"ಅಷ್ಟೇನಾ? ಅವತ್ತು ಆ ಅಡುಗೆಯವ್ನು ನನ್ನ ಕೇಳ್ಕೊಂಡೇ ಉಪ್ಪು ಹಾಕಿದ್ದು."

"ನೀವು ಕುರ್ಚಿ ಬಿಟ್ಟು ಏಳ್ಲೇ ಇಲ್ವಲ್ರೀ."

"ಕಣ್ಸನ್ನೇಲಿ ಹೇಳ್ದೆ."

ಅವಳು ನಗಲಿಲ್ಲ. ಅವಳು ನಗದೆ ವಾರವಾಗಿತ್ತು. ಒಂದು ಬಟ್ಟಲಾದರೂ ಅವಳ ಹೊಟ್ಟೆ ಸೇರಲಿ ಎಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು.

ನಿಂಬೆಹುಲ್ಲು ಜಜ್ಜಿದ. ಶುಂಠಿಯ ದಾಯಾದಿಯಂತಿದ್ದ ಗೆಡ್ಡೆಯೊಂದನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ. ತೆಂಗಿನ ಹಾಲಿಗೆ ಕೋಳಿ, ಅಣಬೆ ಹಾಕಿ ಸಣ್ಣ ಉರಿಯಲ್ಲಿಟ್ಟ. ಕನ್ನಡಕಕ್ಕೆ ಹಬೆ ಕವಿದು, ಅಡುಗೆಮನೆ ಮೆಲ್ಲಗೆ ಬಿಳಿ ಮೋಡದೊಳಗೆ ತೇಲತೊಡಗಿತು.

ಆ ಮೋಡ ಸೀಳಿಕೊಂಡು ಎದುರುಮನೆಯ ದರ್ಜಿಯಮ್ಮ ಬಂದಳು, ಕೊರಳಲ್ಲಿ ಅಳತೆಪಟ್ಟಿ ಸಮೇತ. "ಏನಣ್ಣಾ ಘಮ! ಉಪ್ಪು ನೋಡ್ಲಾ?" ಒಂದು ಸೌಟು ಹೋಯಿತು. "ಇನ್ನೊಂದ್ಚೂರು ನೋಡಿದ್ರೇ ಗೊತ್ತಾಗೋದು."

ಹಿಂದೆಯೇ ಮಹಡಿಯ ಮೇಲಿನ ನಿವೃತ್ತ ಲೆಕ್ಕದ ಮೇಷ್ಟ್ರು ತಮ್ಮದೇ ಚಮಚ ಹಿಡಿದು ಇಳಿದರು. "ಕೋಳಿ ಬೆಂದಿದ್ಯೋ ಇಲ್ವೋ ಒಂದು ತುಂಡಲ್ಲಿ ತಿಳಿಯಲ್ಲಪ್ಪಾ. ಸರಾಸರಿ ತೆಗೀಬೇಕು."

"ತೆಗೀರಿ ಮೇಷ್ಟ್ರೇ! ನಾನು ಮಾಡಿದ್ದು ಖಾಲಿ ಆಗೋದು ಅಂತಿಲ್ಲ," ಎಂದು ಉಬ್ಬಿಹೋದ ಅವನು, ಸ್ಟೂಲಿನ ಮೇಲೆ ಕೂತು ಗೋಡೆಗೊರಗಿದ. ಹಬೆ ರೆಪ್ಪೆಯ ಮೇಲೆ ಬೆಚ್ಚಗೆ ಇಳಿಯಿತು. ಹಾಲಿನಂಥ ಕಡಲು, ಅಣಬೆಯಷ್ಟೇ ದೋಣಿ, ಸೌಟನ್ನೇ ಹುಟ್ಟಾಗಿಸಿಕೊಂಡು ಹೆಂಡತಿ ನಗುನಗುತ್ತ ಅವನತ್ತ ಬರುತ್ತಿದ್ದಾಳೆ, ಬರುತ್ತಲೇ ಇದ್ದಾಳೆ...

ಕಣ್ಣು ಬಿಟ್ಟಾಗ ಮೋಡ ಕರಗಿತ್ತು. ನೆರೆಹೊರೆಯವರೂ ಕರಗಿದ್ದರು. ಪಾತ್ರೆಯ ತಳದಲ್ಲಿ ನಿಂಬೆಹುಲ್ಲಿನ ಕಡ್ಡಿಗಳಷ್ಟೇ ಅನಾಥವಾಗಿ ಬಿದ್ದಿದ್ದವು.

ಮಿಕ್ಕಿದ್ದ ತೆಂಗಿನ ಹಾಲನ್ನು ಬೆಚ್ಚಗೆ ಮಾಡಿ, ನಿಂಬೆರಸ ಹಿಂಡಿ, ಬಟ್ಟಲಿಗೆ ಸುರಿದು ಗತ್ತಿನಿಂದ ಒಳಗೆ ಒಯ್ದ. ಹೆಂಡತಿ ದಿಂಬಿಗೊರಗಿ ಎದ್ದು ಕೂತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಒಂದು ಚಮಚ ಕುಡಿದಳು.

"ಕೋಳಿ ಎಲ್ರೀ?"

"ಕರಗೋಯ್ತು. ಅಂಥಾ ಹದ!"

"ಅಣಬೆ?"

"ಅದೂ... ಕೋಳಿ ಹಿಂದೇನೇ ಹೋಯ್ತು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಟ್ಟಿದ್ದ ನನ್ನ ಮೂಗು ಬಿಟ್ಟಿದೆ ಕಣ್ರೀ. ಇದು ಬರೀ ತೆಂಗಿನ ಹಾಲು. ನಿಜ ಹೇಳಿ."

ಅವನು ತಲೆ ತಗ್ಗಿಸಿದ. "ಹೌದು ಕಣೇ. ಸೂಪೆಲ್ಲಾ ಅವರಿವರ ಹೊಟ್ಟೆ ಸೇರ್ತು. ನಾನು ನಿದ್ದೆ ಹೋಗಿದ್ದೆ."

"ಹೋಗ್ಲಿ ಬಿಡಿ, ನನ್ನ ಹೊಟ್ಟೆ ತುಂಬಿದೆ. ಆಗ್ಲೇ ದರ್ಜಿಯಮ್ಮ ಡಬ್ಬಿ ತುಂಬಾ ಅದೇ ಸೂಪು ತಂದ್ಕೊಟ್ರು. ತಾನೇ ಮಾಡಿದ್ದಂತೆ. ಅವತ್ತು ಹೋಟ್ಲಲ್ಲಿ ಕುಡಿದಿದ್ದಕ್ಕಿಂತ ಚೆನ್ನಾಗಿತ್ತು!"

"ಅದು ನಾನು ಮಾಡಿದ್ದು ಕಣೇ!"

ಅವನ ಬಾಯಿಂದ ಅಂಥ ಅಪ್ಪಟ ಸತ್ಯ ಹಿಂದೆಂದೂ ಹೊರಟಿರಲಿಲ್ಲ.

ಹೆಂಡತಿ ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು. "ಅಯ್ಯೋ, ನನ್ನ ಜ್ವರ ನಿಮಗೆ ಹತ್ತಿತಾ? ಮಲ್ಕೊಳ್ಳಿ, ಮಲ್ಕೊಳ್ಳಿ. ನಾಳೆ ದರ್ಜಿಯಮ್ಮನ ಹತ್ರ ಹೋಗಿ ಸೂಪು ಮಾಡೋದು ಕಲ್ತ್ಕೊಂಡು ಬರೋರಂತೆ."