ನನ್ನ ಬಲಗಾಲಿನ ಧರ್ಮಾಸ್ಪತ್ರೆ

ನನ್ನ ಬಲಗಾಲಿಗಿದ್ದ ಮರ್ಯಾದೆ ನನಗೆ ಯಾವತ್ತೂ ಇರಲಿಲ್ಲ. ಹುಟ್ಟುವಾಗ ನಾನು ತಲೆಯ ಬದಲು ಕಾಲು ಮುಂದಿಟ್ಟುಕೊಂಡು ಬಂದವಳಂತೆ. (ತಲೆ ಆವತ್ತಿಂದಲೂ ಹಿಂದೇನೇ ಅನ್ನೋರು ನಮ್ಮ ಯಜಮಾನರು.) ಅಂಥವರು ಬೆನ್ನಿಗೆ ಮೆತ್ತಗೆ ಒದ್ದರೆ ಸೊಂಟದ ಉಳುಕು ಬಿಟ್ಟುಹೋಗುತ್ತೆ ಅಂತ ನಮ್ಮ ಕಡೆ ನಂಬಿಕೆ. ಚಿನ್ನದ ಗಣಿ ನಡೀತಿದ್ದಾಗ, ಕೂಲಿಯವರ ಸಾಲುಮನೆಗಳಿದ್ದ ಊರಿಗಾಂ ಲೈನಿನ ನಮ್ಮ ಮನೆ ಮುಂದೆ, ಷಿಫ್ಟು ಮುಗಿಸಿದ ಗಂಡಸರು ಬೆನ್ನು ತಿರುಗಿಸಿಕೊಂಡು ನಿಂತಿರೋರು.

ಗಣಿ ಮುಚ್ಚಿತು. ಯಜಮಾನರೂ ಹೋದರು. ಈಗ ಲೈನಲ್ಲಿ ಅರ್ಧ ಮನೆಗಳಿಗೆ ಬೀಗ. ಗಂಡ ಸತ್ತ ಮುದುಕಿ ಬಾಗಿಲು ಯಾರು ತಟ್ಟುತ್ತಾರೆ? ಸೊಂಟ ಹಿಡಿದುಕೊಂಡವರು ಮಾತ್ರ. ಬಂದೋರು ಒದೆಸಿಕೊಂಡು, ಒಂದು ಲೋಟ ಕಾಫಿ ಕುಡಿದು, ನಾಲ್ಕು ಮಾತಾಡಿ ಹೋಗೋರು. ಆ ನಾಲ್ಕು ಮಾತಿಗೋಸ್ಕರ, ದೇವರೇ ಯಾರದಾದರೂ ಸೊಂಟ ಹಿಡಿಸಪ್ಪ ಅಂತ ಬೇಡಿಕೊಂಡಿದ್ದೂ ಉಂಟು.

ದೇವರು ಕೇಳಿಸಿಕೊಂಡ, ಮನೆ ಮಾತ್ರ ತಪ್ಪಿದ. ನಮ್ಮ ಸೊಸೆ ವನಿತಾನೇ ನೀರಿನ ಕ್ಯಾನು ಎತ್ತಿ ಸೊಂಟ ಉಳುಕಿಸಿಕೊಂಡಳು. ನನ್ನನ್ನು ಕೇಳದೆ ಸೀದಾ ಬಂಗಾರಪೇಟೆ ಡಾಕ್ಟರ ಹತ್ತಿರ ಹೋಗಿಬಂದಳು. ಮಾಂಸಖಂಡ ಎಳೆದುಕೊಂಡಿದೆ, ಭಾರ ಎತ್ತಬೇಡಿ, ಬಟ್ಟೇಲಿ ಐಸು ಸುತ್ತಿ ಇಡಿ, ತಿಕ್ಕಿ ಎಳೆದಾಡಬೇಡಿ ಅಂದರಂತೆ. ಎದುರುಮನೆ ಕನಕಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಾ ಕೂತಿದ್ದಳು. ಮನೆಯವಳೇ ಒದೆಸಿಕೊಳ್ಳದಿದ್ದರೆ ನಾಳೆ ಹೊರಗಿನೋರು ಯಾಕೆ ಬರುತ್ತಾರೆ?

"ಬೆನ್ನು ತಿರುಗ್ಸೇ," ಅಂದೆ.

"ಬ್ಯಾಡ ಅತ್ತೆ. ಉಳುಕು ನಾಕ್ ದಿನಕ್ಕೆ ತಾನಾಗೇ ಓಗ್ತದೆ. ಇಷ್ಟು ವರ್ಷ ಎಲ್ರುದೂ ಓಗಿದ್ದು ಅಂಗೇ."

ಎಂಥ ಮಾತು! ಯಜಮಾನರು ಹೋದಾಗಲೂ ಇಷ್ಟು ಅನಾಥೆ ಅನ್ನಿಸಿರಲಿಲ್ಲ. ಗೋಡೆ ಹಿಡಿದು ನನ್ನ ಶ್ರೀಪಾದ ಎತ್ತಿಯೇಬಿಟ್ಟೆ. ಸೊಸೆ ಸರಿದಳು. ಕಾಲು ಗಾಳಿಗೆ ಹೋಯಿತು. ತೊಡೆಯ ಹಿಂದೆ ಏನೋ ಚಟ್ ಅಂತು.

ಮಾರನೇ ದಿನ ಅತ್ತೆಸೊಸೆ ಇಬ್ಬರೂ ಅಕ್ಕಪಕ್ಕ ಮಲಗಿದ್ದೆವು. ಅವಳ ಸೊಂಟಕ್ಕೆ ಐಸು, ನನ್ನ ತೊಡೆಗೆ ಐಸು. (ಐಸಿಟ್ಟರೆ ನೋವು ತಗ್ಗೋದು ನಿಜ. ಅವಳಿಗೆ ಹೇಳಿಲ್ಲ.) ಇನ್ನು ಸಾಯೋವರೆಗೂ ನನ್ನ ಬಾಗಿಲಿಗೆ ಯಾರೂ ಬರೋದಿಲ್ಲ ಅಂತ ಗೋಡೆ ಕಡೆ ತಿರುಗಿ ಕಣ್ಣೀರು ಹಾಕುತ್ತಿದ್ದೆ.

ಅಷ್ಟರಲ್ಲಿ ಕನಕಮ್ಮ ಬಂದಳು. ಅವಳ ಹಿಂದೆ ಆಟೋ ಓಡಿಸೋ ಸೆಲ್ವರಾಜ್, ಅವನ ಹಿಂದೆ ಲೈನಲ್ಲಿ ಉಳಿದವರೆಲ್ಲ. ಬಾಡಿಗೆ ಬಿಟ್ಟು ಬಂದಿದ್ದೀನಿ, ಮೊದಲು ನನಗೇ ಬಿಡಬೇಕು ಅಂತ ಸೆಲ್ವರಾಜ್ ಜಗಳ ಆಡುತ್ತಿದ್ದ. ನನ್ನನ್ನು ನೋಡಲು ಇಷ್ಟು ಜನ ಬಂದರಲ್ಲ ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಕನಕಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. "ಅಕ್ಕಾ, ಇಷ್ಟು ವರ್ಷ ನಿನ್ ಕಾಲು ನಮ್ ಮೇಲೆ ಬಿದ್ದೈತೆ. ಅದ್ರ ಗುಣ ಒಂದಿಷ್ಟಾದ್ರೂ ನಮಗೂ ಅಂಟಿರ್ತದೆ. ಬೋರ್ಲು ಮಲಕ್ಕೋ."

ತಲೆ ಎತ್ತಿ ನೋಡಿದೆ. ಸಾಲು ಬೀದಿವರೆಗೂ ಇತ್ತು. ಎಲ್ಲರೂ ಬಲಗಾಲು ತೊಳೆದುಕೊಂಡೇ ಬಂದಿದ್ದರು.