ವೀಣೆಗೆ ಹೊಸ ಮುಖ

ಗಾಬರಿಯಾಗುವುದಕ್ಕೆ ನನಗೆ ಕಾರಣವೇ ಬೇಕಿಲ್ಲ. ಅಂಚೆಯವನು ನಮ್ಮ ಬೀದಿಗೆ ತಿರುಗಿದರೂ ಎದೆ ಡವಡವ, ತಿರುಗದೆ ಹೋದರೂ ಡವಡವ. ಮಳವಳ್ಳಿಯ ಶಾಲೆಯಲ್ಲಿ ನಾನು ಮೇಷ್ಟರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮಕ್ಕಳೇ ನನ್ನನ್ನು ಕೂರಿಸಿ ನೀರು ಕೊಡುತ್ತಿದ್ದರು. ಇಂಥವನ ಮನೆಯಲ್ಲಿ, ಸರಸ್ವತಿ ಪೂಜೆ ಹತ್ತಿರ ಬಂದಿರುವಾಗ, ಬೆಕ್ಕೊಂದು ಅಟ್ಟದ ಮೇಲಿದ್ದ ಹಿತ್ತಾಳೆ ಕೊಳಗವನ್ನು ಉರುಳಿಸಿಬಿಟ್ಟಿತು. ಅದು ನೇರವಾಗಿ ಬಿದ್ದದ್ದು ನನ್ನ ಹೆಂಡತಿ ಜಾನಕಿ ತವರಿನಿಂದ ತಂದ ವೀಣೆಯ ತಲೆಯ ಮೇಲೆ. ತಂತಿ ಬಿಗಿಯುವ ಬಿರಡೆ ಕೂರುವ ಕಡೆ ಉದ್ದಕ್ಕೂ ಸೀಳು. ತುದಿಯಲ್ಲಿ ಬಾಯ್ತೆರೆದುಕೊಂಡಿದ್ದ ಸಿಂಹಮುಖದ ಯಾಳಿಯಂತೂ ಪುಡಿಪುಡಿ.

ಜಾನಕಿ ಅತ್ತಳು. ನಮ್ಮಮ್ಮ ಅಳಲಿಲ್ಲ, ತೀರ್ಪು ಕೊಟ್ಟರು. "ಭಿನ್ನವಾದದ್ದನ್ನ ಪೂಜೆಗೆ ಇಡಬಾರದು, ಮನೇಲೂ ಇಟ್ಕೋಬಾರದು. ಮುತ್ತತ್ತಿಗೆ ತಗೊಂಡು ಹೋಗಿ ಹೊಳೇಲಿ ಬಿಟ್ಟು ಬಾ." ಒಳಗಿನಿಂದ ಜಾನಕಿ, "ವೀಣೆ ಹೊಳೆಗೆ ಹೋದ್ರೆ ನಾನು ತವರಿಗೆ ಹೋಗ್ತೀನಿ" ಎಂದಳು. ಇಬ್ಬರೂ ಆಡಿದ್ದನ್ನು ಮಾಡುವವರೇ. "ಪೂಜೆಯೊಳಗೆ ಭಿನ್ನ ಕಾಣದ ಹಾಗೆ ಆದ್ರೆ ನೋಡೋಣ" ಎಂದು ಅಮ್ಮನ ಬಾಯಲ್ಲಿ ಹೇಳಿಸುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು.

ಮಂಡ್ಯದಲ್ಲಿ ಆಗ ಸಕ್ಕರೆ ಕಾರ್ಖಾನೆ ಏಳುತ್ತಿತ್ತು. ಊರಿನ ಬಡಗಿಗಳೆಲ್ಲ ಅತ್ತ ಹೋಗಿದ್ದರು. ಉಳಿದವನು ಎತ್ತಿನಗಾಡಿ ಮಾಡುವ ಸಿದ್ದಾಚಾರಿ. "ಮೂಕಿ ಮುರಿದ ಗಾಡೀನೇ ಎಬ್ಬಿಸಿವ್ನಿ, ಇದ್ಯಾವ್ ಲೆಕ್ಕ ಬುಡಿ ಮೇಷ್ಟ್ರೇ" ಎಂದ. ಧೈರ್ಯ ಬರುವ ಬದಲು ನನಗೆ ಎತ್ತು ಹೂಡಿದ ವೀಣೆ ಕಣ್ಣಿಗೆ ಕಟ್ಟಿತು. "ಸೀಳು ಕೂಡಿಸ್ಬೋದು. ಮೂತಿ ಮಾತ್ರ ಒಸದಾಗಿ ಕೆತ್ಬೇಕು. ಯಾಳಿ ಅಂದ್ರೆ ಎಂಗಿರ್ತದೆ?" ಇಷ್ಟು ವರ್ಷ ಮನೆಯಲ್ಲಿದ್ದರೂ ನಾನದನ್ನು ಸರಿಯಾಗಿ ನೋಡಿರಲಿಲ್ಲ. "ಕಣ್ಣು ಉಬ್ಬಿರಬೇಕು, ಬಾಯಿ ತೆರೆದಿರಬೇಕು. ನೋಡಿದರೆ ಗಾಬರಿಯಾಗಬೇಕು" ಎಂದೆ.

ಅಂದಿನಿಂದ ಶಾಲೆ ಬಿಟ್ಟೊಡನೆ ಹೋಗಿ ಅವನ ಎದುರಿಗೇ ಕೂರುತ್ತಿದ್ದೆ. ಅಂಟು ಹಿಡಿಯುತ್ತದೋ ಇಲ್ಲವೋ! ಅದನ್ನು ಚರ್ಮ, ಮೂಳೆ ಹಾಕಿ ಕಾಯಿಸುತ್ತಾನೆಂದು ಅಮ್ಮನಿಗೆ ತಿಳಿದರೆ ಏನು ಗತಿ! ಉಳಿಯ ಮೇಲೆ ಏಟು ಬಿದ್ದಾಗಲೆಲ್ಲ "ಅಯ್ಯೋ, ಮೆಲ್ಲಗೆ ಆಚಾರ್ರೇ!" ಎನ್ನುತ್ತಿದ್ದೆ. ಅವನು ಕೈ ನಿಲ್ಲಿಸಿ ನನ್ನನ್ನೇ ನೋಡುವನು, ಮತ್ತೆ ಕೆತ್ತುವನು, ಮತ್ತೆ ನೋಡುವನು. ಮೇಷ್ಟರ ಮಾತಿಗೆ ಎಷ್ಟು ಬೆಲೆ ಕೊಡುತ್ತಾನಪ್ಪ ಎಂದುಕೊಂಡೆ.

ಪೂಜೆಯ ಬೆಳಿಗ್ಗೆ ಸಿದ್ದಾಚಾರಿ ವೀಣೆ ತಂದು ಬಟ್ಟೆ ಬಿಚ್ಚಿದ. ಸೀಳು ಎಲ್ಲಿತ್ತೆಂದೇ ತಿಳಿಯದು. ಆದರೆ ತುದಿಯಲ್ಲಿ, ಉಬ್ಬಿದ ಕಣ್ಣು, ತೆರೆದ ಬಾಯಿ, ಹಣೆಯಲ್ಲಿ ಮೂರು ಸುಕ್ಕು, ಅಗಲ ಕಿವಿ. ಮುಂದಿನ ಹಲ್ಲಿನ ಸಂದಿ ಕೂಡ ನನ್ನದೇ!

"ಇದೇನಯ್ಯಾ?"

"ನೀವೇ ಅಂದ್ರಲ್ಲ, ಗಾಬ್ರಿಯಾಗಿರ್ಬೇಕು ಅಂತ. ಎದ್ರುಗೇ ಕುಂತಿದ್ರಿ, ನೋಡ್ಕಂಡು ಕೆತ್ತಿವ್ನಿ."

ನನಗೆ ನಾಚಿಕೆಯಿಂದ ಸಾಯುವಂತಾಯಿತು. ಅಮ್ಮ ಮುಂದೆ ಬಂದು ಆ ಮರದ ಕೆನ್ನೆಯನ್ನು ಸವರಿದರು. ಅವರ ಕಣ್ಣು ತುಂಬಿತು. "ನೀನು ಚಿಕ್ಕವನಿದ್ದಾಗ ಗುಮ್ಮ ಬಂತು ಅಂದ್ರೆ ಹೀಗೇ ನೋಡ್ತಿದ್ದೆ ಕಣೋ. ಇದನ್ನ ಹೊಳೆಗೆ ಹೇಗೋ ಬಿಡ್ಲಿ?" ಎಂದು ಕುಂಕುಮವಿಟ್ಟು ದೃಷ್ಟಿ ತೆಗೆದರು. ವೀಣೆ ಉಳಿಯಿತು!

ಜಾನಕಿ ಮಾತ್ರ ಬಹಳ ಹೊತ್ತು ಅದನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ರೀ, ಮುತ್ತತ್ತಿಗೆ ಗಾಡಿ ಎಷ್ಟು ಹೊತ್ತಿಗೆ ಸಿಗುತ್ತೆ?"

ನಾನೂ ಯಾಳಿಯೂ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದೆವು.